ಚೊಂಬು ಬೆವರೋದು ಯಾಕೆ?

ಸರ್ಕಾರಿ ಶಾಲೆಯ ಮಕ್ಕಳಿಗೆ ಸೈನ್ಸ್ ಹೇಳಿಕೊಡೋಕೆ ಹೊರಟಾಗ ನಮ್ಮ ಬ್ಯಾಗಿಗೆ ಮೊದಲು ಹೋಗೋದು ಲ್ಯಾಪ್‌ಟಾಪ್. ಸಾಂದ್ರೀಕರಣದ ಪಾಠಕ್ಕಾದರೂ ಅದನ್ನ ಹಾಸ್ಟೆಲಿನಲ್ಲೇ ಬಿಟ್ಟು, ಎರಡು ಸ್ಟೀಲ್ ಚೊಂಬು ಮತ್ತು ಐಸ್ ತಗೊಂಡು ಹೋಗೋಣ ಅನ್ನೋದು ನಮ್ಮ ವಾದ.

ಐಸ್ ಹಾಕಿದ ಚೊಂಬಿನ ಹೊರಗೆ ಹನಿ ಕೂತಾಗ 'ಈ ನೀರು ಎಲ್ಲಿಂದ ಬಂತು?' ಅಂತ ಕೇಳಿ ನೋಡಿ. 'ಒಳಗಿಂದ ಸೋರಿದೆ' ಅಂತ ಒಬ್ಬರಾದರೂ ಹೇಳ್ತಾರೆ. ತಪ್ಪು ಅಂತ ತಕ್ಷಣ ತಳ್ಳಿಹಾಕೋದು ಅನ್ಯಾಯ. ಮನೆಯ ಮಣ್ಣಿನ ಮಡಕೆ ಒದ್ದೆಯಾಗೋದು ನಿಜಕ್ಕೂ ಒಳಗಿನ ನೀರು ಜಿನುಗೋದರಿಂದಲೇ. ಮಡಕೆ ಒದ್ದೆಯಾಗಿ ತಂಪಾಗುತ್ತೆ, ಚೊಂಬು ತಂಪಾಗಿ ಒದ್ದೆಯಾಗುತ್ತೆ. ನೋಡೋಕೆ ಎರಡೂ ಒಂದೇ! ಮಗು ತಾನು ಕಂಡದ್ದನ್ನೇ ಹೇಳಿದೆ. ಸ್ಲೈಡಿನ ಮೇಲೆ ಬಾಣ ಹಾಕಿ ತೋರಿಸಿದರೆ ಅದರ ಅನುಮಾನ ಹೋಗಲ್ಲ.

ಅದಕ್ಕೆ ಬೀಟ್‌ರೂಟ್ ಬೇಕು. ಎರಡೂ ಚೊಂಬಿನ ನೀರಿಗೆ ಅದರ ರಸ ಬೆರೆಸಿ, ಒಂದಕ್ಕೆ ಮಾತ್ರ ಐಸ್ ಹಾಕಿ, ತಟ್ಟೆ ಮುಚ್ಚಿ. ಸ್ವಲ್ಪ ಹೊತ್ತು ಬಿಟ್ಟು ಬಿಳಿ ಕರ್ಚೀಫಿನಿಂದ ಮಕ್ಕಳೇ ಒರೆಸಲಿ. ಐಸ್ ಇರೋ ಚೊಂಬು ಒರೆಸಿದ ಕರ್ಚೀಫು ಒದ್ದೆ, ಆದರೆ ಕೆಂಪಿಲ್ಲ. ಇನ್ನೊಂದು ಚೊಂಬು ಒಣಗೇ ಇರುತ್ತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಿಕ್ಕರೆ ಇನ್ನೂ ಮಜಾ. ಮಳೆಗಾಲದಲ್ಲಿ ಅರ್ಧ ಗಂಟೆ ಬಿಟ್ಟು ತೂಗಿದರೆ ಒಂದೆರಡು ಗ್ರಾಂ ಜಾಸ್ತಿ ಬರಬಹುದು. ನೀರು ಸೋರಿದ್ದೇ ಆದರೆ ತೂಕ ಹೆಚ್ಚೋದು ಹೇಗೆ? ಈ ಪ್ರಶ್ನೆ ಕೇಳಿ ಸುಮ್ಮನಿರಿ. ಉತ್ತರ ಬಾಯಿಗೆ ಬಂದರೂ ನಾವು ತಡೆದುಕೊಳ್ಳಬೇಕು (ಇಂಜಿನಿಯರಿಂಗ್‌ನವರಿಗೆ ಇದೇ ಕಷ್ಟ).

ಗಾಳಿಯಲ್ಲಿ ನೀರಿದೆ ಅಂತ ಮಕ್ಕಳೇ ಹೇಳಿದ ಮೇಲೆ 'ಸಾಂದ್ರೀಕರಣ' ಅನ್ನೋ ಪದ ಕೊಡಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೂ ಆ ಪದ ಗಟ್ಟಿ ಚಕ್ಕುಲಿಯೇ, ಮೊದಲೇ ಕೊಟ್ಟರೆ ಮಕ್ಕಳು ಅದನ್ನಷ್ಟೇ ಬಾಯಿಪಾಠ ಮಾಡ್ತಾರೆ. ಇಡ್ಲಿ ಪಾತ್ರೆಯ ಮುಚ್ಚಳದಿಂದ ತೊಟ್ಟಿಕ್ಕೋ ನೀರಿಗೂ ಅದೇ ಹೆಸರು ಅಂದರೆ ನೆನಪಲ್ಲಿ ಉಳಿಯುತ್ತೆ.

ಒಂದು ಗಂಟೆಯಲ್ಲಿ ಪಿಪಿಟಿಯಾದರೆ ಐದು ವಿಷಯ ಮುಗಿಸಬಹುದು ಅಂತ ಸ್ನೇಹಿತರು ಹೇಳ್ತಾರೆ. ಮುಗಿಯೋದು ಸ್ಲೈಡುಗಳು ಮಾತ್ರ. ಫಿಸಿಕ್ಸ್ ಮೇಷ್ಟ್ರು ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ್ದು ಇದೇ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅಂತ ಜೀವನಪೂರ್ತಿ ಹೇಳಿದವರು ಅವರು. ಅವರ ಏರಿಯಾದಲ್ಲೇ ನಾವು ಮಕ್ಕಳಿಗೆ 'ಬರ್ಕೊಳಿ' ಅಂತ ಹೇಳಿ ಬರೋದು ಸರಿಯೇ?

ಮುಂದಿನ ಭೇಟಿ ಚಾಮರಾಜಪೇಟೆಗೆ. ಐಸ್ ಜ್ಯೂಸ್ ಅಂಗಡಿಯಲ್ಲಿ ಸಿಗುತ್ತೆ, ಥರ್ಮೋಕೋಲ್ ಡಬ್ಬಿ ಮರೀಬೇಡಿ. ಟ್ರಾಫಿಕ್ ಗೊತ್ತಲ್ಲ, ಶಾಲೆ ಸೇರೋ ಹೊತ್ತಿಗೆ ಬರೀ ನೀರು ಉಳಿದಿರುತ್ತೆ.