ಕ್ಯಾರೆಟ್ ಹಲ್ವ ಮತ್ತು ನನ್ನ ಕಣ್ಣಿನ ಮಾತ್ರೆ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಕ್ಯಾರೆಟ್ ಹಲ್ವ. ಒಲೆಯ ಪಕ್ಕದಲ್ಲೇ ನಿಂತಿದ್ದ ಮೊಮ್ಮಗಳು ಕೇಳಿದಳು: "ತಾತ, ಕ್ಯಾರೆಟ್ ತೊಳೆದ ನೀರಿಗೆ ಬಣ್ಣವೇ ಬರಲಿಲ್ಲ. ತುಪ್ಪ ಮಾತ್ರ ಕಿತ್ತಳೆ ಬಣ್ಣ ಆಯ್ತಲ್ಲ, ಯಾಕೆ?"

ನಾನು ಓದಿದ್ದು ಬಿ.ಕಾಂ. ಆದರೂ ಈ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಮೂರು ವರ್ಷದ ಹಿಂದೆ ನನ್ನ ಕಣ್ಣೇ ನನಗೆ ಅದನ್ನು ಕಲಿಸಿತ್ತು.

ಕ್ಯಾರೆಟ್ಟಿನ ಬಣ್ಣದ ಹೆಸರು ಬೀಟಾ ಕ್ಯಾರೋಟಿನ್. ಜರ್ಮನಿಯ ವಾಕೆನ್‌ರೋಡರ್ ಎಂಬುವರು 1831ರಲ್ಲಿ ಕ್ಯಾರೆಟ್ಟಿನಿಂದ ಕ್ಯಾರೋಟಿನ್ ಬೇರ್ಪಡಿಸಿದರು. ಸುಮಾರು ನೂರು ವರ್ಷದ ನಂತರ ಸ್ವಿಟ್ಜರ್‌ಲೆಂಡಿನ ಪೌಲ್ ಕಾರರ್ ಅದರ ರಚನೆಯನ್ನು ಬಿಡಿಸಿ ತೋರಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಇದರಲ್ಲಿ ಇಂಗಾಲದ 40 ಪರಮಾಣುಗಳಿವೆ. ಮಧ್ಯದಲ್ಲಿ ಉದ್ದನೆಯ ಸರಪಳಿ, ಎರಡು ತುದಿಗೂ ಒಂದೊಂದು ಉಂಗುರ. ಸರಪಳಿಯಲ್ಲಿ ಒಂದು ಒಂಟಿ ಕೊಂಡಿ, ಒಂದು ಜೋಡಿ ಕೊಂಡಿ, ಹೀಗೆ ಸಾಲು. ಒಟ್ಟು 11 ಜೋಡಿ ಕೊಂಡಿಗಳು. ಈ ಸರಪಳಿ ನೀಲಿ ಬೆಳಕನ್ನು ನುಂಗುತ್ತದೆ, ಉಳಿದ ಬೆಳಕು ನಮಗೆ ಕಿತ್ತಳೆಯಾಗಿ ಕಾಣುತ್ತದೆ. ಇದಕ್ಕೂ ನೀರಿಗೂ ಆಗಿಬರುವುದಿಲ್ಲ, ಎಣ್ಣೆ ತುಪ್ಪವಾದರೆ ಬೆರೆಯುತ್ತದೆ. ಟೊಮೆಟೊದ ಕೆಂಪು, ಚೆಂಡು ಹೂವಿನ ಹಳದಿ ಎಲ್ಲ ಇದರ ದಾಯಾದಿಗಳೇ. ಮನೆತನದ ಹೆಸರು ಕ್ಯಾರೋಟಿನಾಯ್ಡ್.

"ಹಾಗಾದರೆ ಕೇಸರಿ ಹಾಲಿನಲ್ಲಿ ಬಣ್ಣ ಬಿಡುತ್ತಲ್ಲ?" ಎಂದಳು. ಒಳ್ಳೆಯ ಪ್ರಶ್ನೆ. ಕೇಸರಿಯ ಬಣ್ಣವೂ ಇದೇ ಮನೆತನದ್ದು. ಆದರೆ ಅದರ ಎರಡೂ ತುದಿಗೆ ಸಕ್ಕರೆ ಅಂಟಿಕೊಂಡಿದೆ. ಆ ಸಕ್ಕರೆಯಿಂದಾಗಿ ಅದು ನೀರಿಗೂ ಹಾಲಿಗೂ ಇಳಿಯುತ್ತದೆ.

ಈ ಬಣ್ಣಗಳಿಗೆ ಇನ್ನೊಂದು ಕೆಲಸವಿದೆ. ನಾವು ಉಸಿರಾಡುವಾಗ, ಬಿಸಿಲಿಗೆ ನಿಂತಾಗ ಮೈಯೊಳಗೆ ಕೆಲವು ಪುಂಡ ಕಣಗಳು ಹುಟ್ಟುತ್ತವೆ. ಅವುಗಳಿಗೆ ಒಂದು ಎಲೆಕ್ಟ್ರಾನ್ ಕೊರತೆ. ಪಕ್ಕದವರಿಂದ ಕಿತ್ತುಕೊಳ್ಳುತ್ತವೆ, ಕಳೆದುಕೊಂಡವರು ಇನ್ನೊಬ್ಬರಿಂದ ಕಿತ್ತುಕೊಳ್ಳುತ್ತಾರೆ. ಹೀಗೆ ಜೀವಕೋಶ ಹಾಳಾಗುತ್ತದೆ. ಕ್ಯಾರೋಟಿನಾಯ್ಡ್ ಮುಂದೆ ಬಂದು ತನ್ನ ಎಲೆಕ್ಟ್ರಾನನ್ನೇ ಕೊಟ್ಟು ಜಗಳ ನಿಲ್ಲಿಸುತ್ತದೆ. ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್ ಎನ್ನುವುದು ಇದಕ್ಕೇ. ಬ್ಯಾಂಕಿನವನಾಗಿ ಒಂದು ಮಾತು ಸೇರಿಸುತ್ತೇನೆ. ಕೊಟ್ಟ ಮೇಲೆ ಕ್ಯಾರೋಟಿನಾಯ್ಡೇ ಕೊರತೆಯಲ್ಲಿ ಉಳಿಯುತ್ತದೆ. ಆ ಬಾಕಿಯನ್ನು ವಿಟಮಿನ್ ಸಿ ಮುಂತಾದವರು ತುಂಬಿಕೊಡಬೇಕು.

ಇಷ್ಟು ತಿಳಿದ ಮೇಲೆ ರಸಾಯನ ವಿಜ್ಞಾನಿಗಳು ಸುಮ್ಮನಿರುತ್ತಾರೆಯೇ? ಸಣ್ಣ ತುಂಡುಗಳನ್ನು ಜೋಡಿಸಿ ಬೀಟಾ ಕ್ಯಾರೋಟಿನ್ನನ್ನು ತಾವೇ ಕಟ್ಟಿದರು. 1954ರಲ್ಲಿ ಸ್ವಿಟ್ಜರ್‌ಲೆಂಡಿನ ರೋಶ್ ಕಂಪನಿ ಅದನ್ನು ಮಾರಾಟಕ್ಕೆ ತಯಾರಿಸಲು ಶುರುಮಾಡಿತು. ಮಕ್ಕಳೇ, ಬಿಸ್ಕತ್ತು, ಪಾನೀಯಗಳ ಪೊಟ್ಟಣದಲ್ಲಿ 160ಎ ಎಂಬ ಸಂಖ್ಯೆ ಹುಡುಕಿ. ಅದೇ ಕ್ಯಾರೋಟಿನ್. ಆಮೇಲೆ ನಿಸರ್ಗದಲ್ಲಿ ಇಲ್ಲದ ರೂಪಗಳನ್ನೂ ಯೋಚಿಸಿ ಮಾಡಿದರು. ಸರಪಳಿ ಉದ್ದ ಮಾಡಿದರೆ ಏನಾಗುತ್ತದೆ? ತುದಿಯ ಉಂಗುರ ಬದಲಿಸಿದರೆ? ಸಾಲ್ಮನ್ ಮೀನಿನ ಮಾಂಸಕ್ಕೆ ಬಣ್ಣ ಕೊಡುವ ಆಸ್ಟಾಕ್ಸಾಂಥಿನ್‌ನ ತುದಿಗಳಿಗೆ ಸಕ್ಸಿನಿಕ್ ಆಮ್ಲ ಕಟ್ಟಿ, ಅದು ನೀರಿನಲ್ಲಿ ಬೆರೆಯುವಂತೆ ಮಾಡಿದರು. ಕೇಸರಿಗೆ ನಿಸರ್ಗ ಮಾಡಿದ್ದೂ ಇಂಥದೇ ಉಪಾಯ.

ಈಗ ನನ್ನ ಕಣ್ಣಿನ ವಿಷಯ. ಪಂಚಾಂಗದ ಅಕ್ಷರ ಮಸುಕಾಗತೊಡಗಿದಾಗ ವಿದೇಶದಿಂದ ಬಂದ ನೆಂಟರೊಬ್ಬರು "ಕಣ್ಣಿಗೆ ಬಹಳ ಒಳ್ಳೆಯದು" ಎಂದು ಒಂದು ಡಬ್ಬಿ ಮಾತ್ರೆ ಕೊಟ್ಟರು. ಯಾರನ್ನೂ ಕೇಳದೆ ನಾಲ್ಕು ತಿಂಗಳು ನುಂಗಿದೆ. ಕೊನೆಗೆ ಕಣ್ಣಿನ ಡಾಕ್ಟರ ಬಳಿ ಹೋದಾಗ ಅವರು ಡಬ್ಬಿ ನೋಡಿ ಕೇಳಿದ ಮೊದಲ ಮಾತು: "ನೀವು ಸಿಗರೇಟು ಸೇದುತ್ತಿದ್ದಿರಾ?"

ಸೇದುತ್ತಿದ್ದೆ. ಬ್ಯಾಂಕಿನಲ್ಲಿದ್ದಾಗ ಇಪ್ಪತ್ತೈದು ವರ್ಷ. ಐವತ್ತಕ್ಕೆ ಬಿಟ್ಟೆ. ಡಾಕ್ಟರು ಮಾತ್ರೆಯನ್ನು ಅಂದೇ ನಿಲ್ಲಿಸಿದರು.

ಕಾರಣ ಇದು. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿ ಎಂಬುದು ಆಸೆ. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಘಾತ. ಅದನ್ನು ತಿಂದವರಲ್ಲಿ ಆ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇನ್ನೊಂದು ಪರೀಕ್ಷೆಯನ್ನು ಇದೇ ಕಾರಣಕ್ಕೆ 1996ರಲ್ಲಿ ನಡುವೆಯೇ ನಿಲ್ಲಿಸಿದರು. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಕ್ಯಾರೋಟಿನ್ ತಾನು ಕೊಟ್ಟದ್ದರ ಬಾಕಿ ತೀರದೆ ತಾನೇ ಪುಂಡನಾಗುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಒಂದು ವಿವರಣೆ.

ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ 2001ರಲ್ಲಿ ಕಣ್ಣಿನ ಹಳದಿ ಚುಕ್ಕೆಯ ಸವೆತಕ್ಕೆ ಹೇಳಿದ ಮಾತ್ರೆಯಲ್ಲಿ ಬೀಟಾ ಕ್ಯಾರೋಟಿನ್ ಇತ್ತು. ನನ್ನ ಡಬ್ಬಿಯಲ್ಲಿದ್ದದ್ದು ಅದೇ ಹಳೆಯ ಕ್ರಮ. 2013ರ ಎರಡನೆಯ ಪರೀಕ್ಷೆಯಲ್ಲಿ ಅದರ ಜಾಗಕ್ಕೆ ಲೂಟಿನ್, ಝಿಯಾಕ್ಸಾಂಥಿನ್ ಬಂದವು. ಕಣ್ಣಿನ ಹಳದಿ ಚುಕ್ಕೆಯಲ್ಲಿ ಸಹಜವಾಗಿಯೇ ಇರುವ ಬಣ್ಣಗಳು ಇವು. ಆ ಪರೀಕ್ಷೆಯಲ್ಲೂ ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಅವರಲ್ಲಿ ಹೆಚ್ಚಿನವರು ನನ್ನಂತೆ ಹಿಂದೆ ಸೇದಿ ಬಿಟ್ಟವರು.

ಈಗ ಡಾಕ್ಟರು ಬರೆದುಕೊಟ್ಟ ಲೂಟಿನ್ ಮಾತ್ರೆ ತಗೊಳ್ಳುತ್ತಿದ್ದೇನೆ. ಲೂಟಿನ್ ತೆಗೆಯುವುದು ಹೆಚ್ಚಾಗಿ ಚೆಂಡು ಹೂವಿನಿಂದ. ನಮ್ಮ ಗುಂಡ್ಲುಪೇಟೆ ಕಡೆ ಎಕರೆಗಟ್ಟಲೆ ಬೆಳೆಯುವ ಚೆಂಡು ಹೂವು ದೇವರ ಹಾರಕ್ಕಷ್ಟೇ ಅಲ್ಲ, ಕಾರ್ಖಾನೆಗೂ ಹೋಗುತ್ತದೆ.

"ಹಾಗಾದರೆ ಫ್ಯಾಕ್ಟರಿಯದು ಕೆಟ್ಟದ್ದು, ಗಿಡದ್ದು ಒಳ್ಳೆಯದಾ ತಾತ?" ಎಂದಳು ಮೊಮ್ಮಗಳು. ಅಲ್ಲ ಮಗಳೇ. ಕಾರ್ಖಾನೆಯ ಬೀಟಾ ಕ್ಯಾರೋಟಿನ್ನೂ ಕ್ಯಾರೆಟ್ಟಿನದೂ ಒಂದೇ ಅಣು. ಕಷ್ಟ ಬಂದದ್ದು ದಿನಾ ನುಂಗಿದ ದೊಡ್ಡ ಪ್ರಮಾಣದಿಂದ, ಅದೂ ಹೊಗೆ ಕುಡಿದ ಶ್ವಾಸಕೋಶಕ್ಕೆ. ಗಾಜಿನ ನಳಿಕೆಯಲ್ಲಿ ಗೆದ್ದ ವಸ್ತು ಮನುಷ್ಯನ ಮೈಯಲ್ಲಿ ಗೆಲ್ಲುತ್ತದೆಯೋ ಎಂದು ತಾಳ್ಮೆಯಿಂದ ನೋಡಬೇಕು. ತರಕಾರಿಯಾಗಿ ತಿನ್ನುವ ಕ್ಯಾರೆಟ್‌ಗೆ ಈ ಭಯವಿಲ್ಲ.

ನನ್ನ ಓರಗೆಯವರಲ್ಲಿ ಒಂದು ವಿನಂತಿ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಮನೆಯಲ್ಲಿರುವ ಮಾತ್ರೆ ಡಬ್ಬಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಎಂದೋ ಬಿಟ್ಟ ಸಿಗರೇಟು, ಬೀಡಿಯ ವಿಷಯವನ್ನೂ ನಾಚಿಕೆಯಿಲ್ಲದೆ ಹೇಳಿ. ಮಕ್ಕಳೇ, ಅಜ್ಜ ಮರೆತರೆ ನೀವು ನೆನಪಿಸಿ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಲು ನಿಮ್ಮ ಕಣ್ಣೇ ಬೇಕು.