ಬೀದರ್‌ ವಿಮಾನ ನಿಲ್ಲದಿರಲಿ

ಬೀದರ್‌ನ ರನ್‌ವೇ ವಾಯುಪಡೆಯದು. ಯುದ್ಧವಿಮಾನ ಹಾರಿಸಲಿರುವ ಯುವ ಪೈಲಟ್‌ಗಳು ಹಾಕ್ ವಿಮಾನದಲ್ಲಿ ಪಳಗುವುದು ಇಲ್ಲೇ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯೂ ಇದೇ. ನಾಗರಿಕರ ಪಾಲಿಗಿರುವುದು ಪಕ್ಕದ ಪುಟ್ಟ ಟರ್ಮಿನಲ್ ಮಾತ್ರ. ವಿಮಾನ ಇಳಿಯಲು, ಏರಲು ವಾಯುಪಡೆಯ ಅನುಮತಿ ಬೇಕು. ತರಬೇತಿ ವಿಮಾನಗಳು ಸಾಲುಗಟ್ಟಿ ಹಾರುವ ಹೊತ್ತಿನಲ್ಲಿ ಪ್ರಯಾಣಿಕ ವಿಮಾನಕ್ಕೆ ಬೇಕೆಂದಾಗ ಜಾಗ ಸಿಗದು. ಇದರಲ್ಲಿ ತಕರಾರು ತೆಗೆಯುವಂಥದ್ದೇನೂ ಇಲ್ಲ.

ತಕರಾರು ಇರುವುದು ಬೇರೆಡೆ. 2020ರ ಫೆಬ್ರುವರಿಯಲ್ಲಿ ಕೇಂದ್ರದ ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯಡಿ ಬೆಂಗಳೂರಿಗೆ ಶುರುವಾದ ಹಾರಾಟ ಮುಂದೆ ನಿಂತಿತು. 2022ರಲ್ಲಿ ಇನ್ನೊಂದು ಕಂಪನಿ ಬಂತು, ಅದರ ಸೇವೆಯೂ ನಿಂತಿತು. 2025ರಲ್ಲಿ ಮತ್ತೆ ಆರಂಭ. ಹೀಗೆ ಬಂದುಹೋಗುವ ಸೇವೆಯನ್ನು ನಂಬಿ ಯಾರು ತಾನೇ ಆಸ್ಪತ್ರೆಯ ತಾರೀಖು ಪಡೆದಾರು, ವ್ಯಾಪಾರದ ಮಾತು ಕೊಟ್ಟಾರು? ರಾಜಧಾನಿಗೆ ರೈಲಿನಲ್ಲಿ ಇಡೀ ರಾತ್ರಿ ಕಳೆಯಬೇಕಾದ ಜಿಲ್ಲೆ ಇದು. ತುರ್ತು ಇದ್ದವರು ಹೈದರಾಬಾದ್‌ಗೆ ಕಾರು ಹತ್ತುತ್ತಾರೆ. ಬೀದರ್‌ನಲ್ಲಿ ಸೀಟು ಖಾಲಿ ಉಳಿಯುತ್ತದೆ. ಖಾಲಿ ಸೀಟನ್ನೇ ನೆಪ ಮಾಡಿ ಸೇವೆ ನಿಲ್ಲುತ್ತದೆ.

ಈ ಸುತ್ತು ಮುರಿಯಲು, ವಿಮಾನಯಾನ ಕಂಪನಿಗೆ ಕೊಡುವ ಸಹಾಯಧನವನ್ನು ಸರ್ಕಾರ ವರ್ಷ ವರ್ಷ ಚೌಕಾಸಿ ಮಾಡದೆ, ಕನಿಷ್ಠ ಐದು ವರ್ಷಕ್ಕೆ ಖಾತರಿಪಡಿಸಬೇಕು. ವಾಯುಪಡೆ, ವಿಮಾನಯಾನ ಕಂಪನಿ, ಜಿಲ್ಲಾಡಳಿತ ಒಟ್ಟಿಗೆ ಕುಳಿತು ಬೆಳಿಗ್ಗೆ ಹೋಗಿ ಸಂಜೆ ಮರಳುವಂಥ ವೇಳಾಪಟ್ಟಿ ಸಾಧ್ಯವೇ ನೋಡಬೇಕು. ಸಿಖ್ಖರ ಪುಣ್ಯಕ್ಷೇತ್ರ ಗುರುನಾನಕ್ ಝಿರಾದ ಯಾತ್ರಿಕರಿಗೆ, ಬಿದ್ರಿ ಲೋಹಕಲೆಯ ಕುಶಲಕರ್ಮಿಗಳನ್ನು ಹುಡುಕಿ ಬರುವ ಖರೀದಿದಾರರಿಗೆ ದೆಹಲಿ, ಮುಂಬೈ ಸಂಪರ್ಕವೂ ಬೇಕು. ರನ್‌ವೇ ಸಿದ್ಧವಿದೆ, ಟರ್ಮಿನಲ್ ಕಟ್ಟಿಯಾಗಿದೆ. ಸರ್ಕಾರ ಈಗ ಹಣದ ಮಾತನ್ನು ಬರವಣಿಗೆಯಲ್ಲಿ ಕೊಡಲಿ.