ಖಾಲಿ ಜಾಗ ಅಂದವರು ಯಾರು?

ಸೊಲ್ಲಾಪುರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಟು ಹಿಡಿದವರು ಮೊದಲು ಕರೆಸುವುದು ಜೆಸಿಬಿಯನ್ನು. ಗೇಣುದ್ದ ಮೇಲ್ಮಣ್ಣು ಕೆರೆದು, ಮುರುಮು ಕಂಡ ಮೇಲೆ ‘ಜಾಗ ಸ್ವಚ್ಛ ಆಯ್ತು’ ಅನ್ನುತ್ತಾರೆ. ಸ್ವಚ್ಛ! ಈ ಮಾಳದ ಮುಂದಿನ ಮಳೆಗಾಲಗಳ ಹಸಿರು ಬೀಜವಾಗಿ ಆ ಗೇಣು ಮಣ್ಣಲ್ಲೇ ಮಲಗಿತ್ತು.

ಧೋತರಕ್ಕೆ ಚುಚ್ಚುವ ಕುಸಳಿ ಹುಲ್ಲನ್ನೇ ನೋಡಿ. ಉದುರಿದ ಕೂಡಲೇ ಅದರ ಬೀಜ ಮೊಳೆಯುವುದಿಲ್ಲ. ಬಾಲದಂಥ ಮುಳ್ಳು ತೇವಕ್ಕೆ ಬಿಚ್ಚಿ, ಒಣಗಿದಾಗ ತಿರುಚಿ, ಬೀಜವನ್ನು ನೆಲದೊಳಗೆ ಕೊರೆದು ಇಳಿಸುತ್ತದೆ. ಬೇಸಿಗೆಯಿಡೀ ಕಾದು, ಒಳಗಿನ ತಡೆ ಸಡಿಲಾದ ಮೇಲೆ ಮಿರಗದ ಮಳೆಗೆ ಏಳುತ್ತದೆ. ಹಿಮದ ನಾಡಿನ ಎಷ್ಟೋ ಪೈನ್, ಫರ್ ಬೀಜಗಳಿಗೆ ವಾರಗಟ್ಟಲೆ ಒದ್ದೆ ಚಳಿ ಬೇಕು. ನಮ್ಮ ಕುಸಳಿಗೆ ಸೊಲ್ಲಾಪುರದ ಬಿಸಿಲೇ ಸಾಕು. ಕರಿಜಾಲಿಯದು ನೀರು ಹೊಗದ ಚಿಪ್ಪು. ಆಡು ಕಾಯಿ ತಿಂದು, ಹೊಟ್ಟೆಯಲ್ಲಿ ಚಿಪ್ಪು ಸವೆದು, ಹಿಕ್ಕೆಯಲ್ಲಿ ಬಿದ್ದ ಬೀಜ ಸುಲಭವಾಗಿ ಮೊಳೆಯುತ್ತದೆ. ಆಡು ಕಾಯುವವರನ್ನು ಕಾಂಪೌಂಡಿನ ಹೊರಗೆ ಅಟ್ಟುವ ಸಾಹೇಬರಿಗೆ ಇದು ಗೊತ್ತೇ?

ಬೇವು ಮಾತ್ರ ಕಾಯುವುದಿಲ್ಲ. ಅದರ ಬೀಜ ಕೆಲವೇ ವಾರಗಳಲ್ಲಿ ಜೀವ ಬಿಡುತ್ತದೆ. ರಸ್ತೆ ಅಗಲಿಸಲು ಬೇವಿನ ಮರ ಕಡಿದರೆ ಮಣ್ಣೊಳಗೆ ಅದರ ಬೀಜದ ಗಂಟು ಏನೂ ಉಳಿದಿರುವುದಿಲ್ಲ.

ಇಷ್ಟು ಕೆರೆದವರೇ ಮತ್ತೆ ಸಸಿ ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ ಸಸಿಗಳ ಗುರಿ ಇಟ್ಟಿತು. ಕೋಟಿ ಎಣಿಸುವವರಿಗೆ ಹುಲ್ಲು ಲೆಕ್ಕಕ್ಕಿಲ್ಲ, ಬಯಲೆಲ್ಲ ಬಂಜರು. ಇಲ್ಲಿಂದ ದೂರವಿಲ್ಲದ ನಾನ್ನಜದ ಮಾಳವನ್ನು ಎರೆಭೂತ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯಕ್ಕೆ ಸೇರಿಸಿದರು. ಅದು ಬಯಲಲ್ಲೇ ಬದುಕುವ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ. ಆ ಹುಲ್ಲುಗಾವಲಲ್ಲೂ ಮೆಕ್ಸಿಕೋ ಕಡೆಯ ಗ್ಲಿರಿಸಿಡಿಯಾ ನೆಟ್ಟರು! ಹಕ್ಕಿಯ ಮನೆ ಮುಚ್ಚಿ ಹಸಿರು ಅಂದರು.

ಕಾರ್ಖಾನೆ ಬೇಡ ಅನ್ನುತ್ತಿಲ್ಲ. ನಮ್ಮ ಅಕ್ಕಲಕೋಟೆಯ ಹುಡುಗರಿಗೂ ದುಡಿಮೆ ಬೇಕು. ಆದರೆ ಪ್ಲಾಟು ಸಪಾಟು ಮಾಡುವ ಮೊದಲು ಮೇಲ್ಮಣ್ಣನ್ನು ಬೇರೆ ತೆಗೆದಿಡಿ. ಕಟ್ಟಡ ಮುಗಿದ ಮೇಲೆ ಖುಲ್ಲಾ ಉಳಿದ ಕಡೆ ಅದನ್ನೇ ಹರಡಿ, ಒಂದು ಮಳೆಗಾಲ ಮುಟ್ಟಬೇಡಿ. ಈ ಷರತ್ತನ್ನು ಪ್ಲಾಟಿನ ಕರಾರಿನಲ್ಲೇ ಬರೆಯಿರಿ. ಹುಲ್ಲು ಇರುವಲ್ಲಿ ಸಸಿಗಾಗಿ ಗುಂಡಿ ತೋಡುವುದನ್ನು ಈ ವರ್ಷವೇ ನಿಲ್ಲಿಸಿ.